ಉರಿಯೂತ, ತರಕಾರಿ ಮತ್ತು ಕರ್ಕ್ಯುಮಿನ್ ಕ್ಯಾಪ್ಸೂಲ್

ಎಚ್‌ಎಸ್-ಸಿಆರ್‌ಪಿ ಎಂಬ ಉರಿಯೂತದ ರಕ್ತ ಪರೀಕ್ಷೆಯ ರಿಪೋರ್ಟ್ ಹಿಡಿದುಕೊಂಡು ಬರುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಅಂಕಿ ಪಕ್ಕ ಕೆಂಪು ಗುರುತು ನೋಡಿ ಗಾಬರಿಯಾಗಿರುತ್ತಾರೆ. "ಯಾವ ಕಾಯಿಪಲ್ಲೆ ತಿಂದರೆ ಇದು ಇಳಿಯುತ್ತೆ?" ಅನ್ನುವುದು ಮೊದಲ ಪ್ರಶ್ನೆ.

ಸಿಆರ್‌ಪಿ ಲಿವರ್ ತಯಾರಿಸುವ ಒಂದು ಪ್ರೋಟೀನ್. ದೇಹದಲ್ಲಿ ಎಲ್ಲೋ ಉರಿಯೂತ ಇದ್ದರೆ ಐಎಲ್-6 ಎಂಬ ಸಂದೇಶವಾಹಕ ಪ್ರೋಟೀನ್ ಮೂಲಕ ಲಿವರ್‌ಗೆ ಸುದ್ದಿ ಮುಟ್ಟುತ್ತದೆ, ರಕ್ತದಲ್ಲಿ ಸಿಆರ್‌ಪಿ ಏರುತ್ತದೆ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಹೃದಯದ ಮಟ್ಟಿಗೆ ಒಳ್ಳೆಯದು. 3 ದಾಟಿದರೆ ಅಪಾಯ ಜಾಸ್ತಿ. 10ರ ಮೇಲಿದ್ದರೆ ನಾನು ಊಟದ ಮಾತೇ ಎತ್ತುವುದಿಲ್ಲ. ಮೊನ್ನೆ ಜ್ವರ ಬಂದಿತ್ತಾ, ವಸಡು ಊದಿತ್ತಾ ಅಂತ ಕೇಳುತ್ತೇನೆ. ಎರಡು ವಾರ ಬಿಟ್ಟು ಮತ್ತೆ ಟೆಸ್ಟ್ ಮಾಡಿಸಿದರೆ ಎಷ್ಟೋ ಸಲ ತಾನಾಗೇ ಇಳಿದಿರುತ್ತದೆ.

ಉರಿಯೂತವೇ ಕೆಟ್ಟದ್ದು ಅಂದುಕೊಳ್ಳಬೇಡಿ. ಗಾಯ ಮಾಯಲು ಅದು ಬೇಕು. ತೊಂದರೆ ಕೊಡುವುದು ವರ್ಷಗಟ್ಟಲೆ ಸಣ್ಣಗೆ ನಡೆಯುತ್ತಲೇ ಇರುವ ಬಗೆ. 2017ರ ಕ್ಯಾಂಟೋಸ್ ಅಧ್ಯಯನದಲ್ಲಿ, ಹಿಂದೆ ಹೃದಯಾಘಾತವಾಗಿದ್ದವರಿಗೆ ಐಎಲ್-1 ಬೀಟಾ ಎಂಬ ಇನ್ನೊಂದು ಉರಿಯೂತದ ಸಂದೇಶವಾಹಕವನ್ನು ತಡೆಯುವ ಇಂಜೆಕ್ಷನ್ ಕೊಟ್ಟು ನೋಡಿದರು. ಕೆಟ್ಟ ಕೊಲೆಸ್ಟ್ರಾಲ್ ಬದಲಾಗಲಿಲ್ಲ, ಆದರೂ ಹೃದಯಾಘಾತ, ಸ್ಟ್ರೋಕ್ ಮತ್ತು ಹೃದಯದ ಕಾಯಿಲೆಯ ಸಾವು ಸೇರಿ ಸುಮಾರು ಶೇ. 15ರಷ್ಟು ಕಡಿಮೆಯಾಯಿತು. ಜೊತೆಗೆ ಜೀವ ತೆಗೆಯುವ ಸೋಂಕುಗಳು ಸ್ವಲ್ಪ ಹೆಚ್ಚಾದವು. ಉರಿಯೂತವನ್ನು ಪೂರ್ತಿ ಅದುಮಿದರೆ ಅದಕ್ಕೂ ಬೆಲೆ ತೆರಬೇಕು.

ತರಕಾರಿ ಹಾಗೆ ಅದುಮುವುದಿಲ್ಲ. ಬಣ್ಣ, ಕಹಿ, ಘಾಟು ಕೊಡುವ ಪಾಲಿಫಿನಾಲ್‌ನಂಥ ಅಂಶಗಳು ರಕ್ತಕ್ಕೆ ಸೇರುವುದೇ ಕಡಿಮೆ. ಸೇರಿದ್ದನ್ನೂ ಲಿವರ್ ಹೊರಗಿನ ವಸ್ತು ಅಂತ ಗುರುತಿಸಿ ಕೆಲವೇ ಗಂಟೆಗಳಲ್ಲಿ ಸಾಗಹಾಕುತ್ತದೆ. ಹಾಗಾಗಿ ಅವು ರಕ್ತದಲ್ಲಿ ಓಡಾಡಿ, ಕೋಶಗಳಿಗೆ ಹಾನಿ ಮಾಡುವ ಫ್ರೀ ರ‍್ಯಾಡಿಕಲ್‌ಗಳನ್ನು ಹಿಡಿದು ಕಟ್ಟಿಹಾಕುತ್ತವೆ ಅನ್ನುವ ಆಂಟಿಆಕ್ಸಿಡೆಂಟ್ ಕಥೆ ಹಳೆಯದಾಯಿತು. ಆಹಾರಗಳ ಆಂಟಿಆಕ್ಸಿಡೆಂಟ್ ಅಂಕಗಳ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲೇ ತನ್ನ ವೆಬ್‌ಸೈಟಿನಿಂದ ತೆಗೆದುಹಾಕಿತು. ಪ್ಯಾಕೆಟ್‌ಗಳ ಮೇಲೆ ಮಾತ್ರ ಆ ಮಾತು ಇನ್ನೂ ಓಡುತ್ತಿದೆ!

ನಿಜವಾಗಿ ನಡೆಯುವುದು ಹೆಚ್ಚು ಸ್ವಾರಸ್ಯಕರ. ಬ್ರೊಕೊಲಿಯ ಸಲ್ಫೊರಫೇನ್ ತೆಗೆದುಕೊಳ್ಳಿ. ಗಿಡಕ್ಕೆ ಅದು ಹುಳ ಓಡಿಸುವ ಅಸ್ತ್ರ. ನಮ್ಮ ಜೀವಕೋಶಕ್ಕೂ ಸ್ವಲ್ಪ ಚುರುಕು ಮುಟ್ಟಿಸುತ್ತದೆ. ಆಗ ಕೋಶದೊಳಗಿನ ಎನ್‌ಆರ್‌ಎಫ್2 ಎಂಬ ಸ್ವಿಚ್ ಆನ್ ಆಗಿ, ಕೋಶ ತನ್ನದೇ ರಕ್ಷಣೆಯ ಕಿಣ್ವಗಳನ್ನು ತಯಾರಿಸಿಕೊಳ್ಳುತ್ತದೆ. ಉರಿಯೂತದ ಸಂಕೇತಗಳೂ ತಗ್ಗುತ್ತವೆ.

ತಮಾಷೆ ಅಂದರೆ, ಇಡೀ ಬ್ರೊಕೊಲಿಯಲ್ಲಿ ಸಲ್ಫೊರಫೇನ್ ಇರುವುದೇ ಇಲ್ಲ ಅನ್ನಬಹುದು. ಅದರ ಕಚ್ಚಾವಸ್ತು ಒಂದು ಕಡೆ, ಮೈರೊಸಿನೇಸ್ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಚಾಕು ಹಾಕಿದಾಗ ಅಥವಾ ಅಗಿದಾಗ ಎರಡೂ ಸೇರಿ ಅದು ಹುಟ್ಟುತ್ತದೆ. ಹೆಚ್ಚಿದ ತಕ್ಷಣ ಕುದಿಯುವ ನೀರಿಗೆ ಹಾಕಿದರೆ ಕಿಣ್ವ ಸತ್ತೇ ಹೋಗುತ್ತದೆ. ಅದಕ್ಕೇ ಸಣ್ಣಗೆ ಹೆಚ್ಚಿ, ಅರ್ಧ ಮುಕ್ಕಾಲು ಗಂಟೆ ಸುಮ್ನೆ ಬಿಟ್ಟು, ಆಮೇಲೆ ಬೇಯಿಸಿ. ಫ್ರೀಜ್ ಮಾಡಿದ ಬ್ರೊಕೊಲಿಯನ್ನು ಮೊದಲೇ ಬಿಸಿನೀರಿನಲ್ಲಿ ಅದ್ದಿರುತ್ತಾರೆ, ಅದರಲ್ಲಿ ಕಿಣ್ವ ಉಳಿದಿರುವುದಿಲ್ಲ. ಬೆಂದ ಮೇಲೆ ಚಿಟಿಕೆ ಹಸಿ ಸಾಸಿವೆ ಪುಡಿ ಉದುರಿಸಿ. ಸಾಸಿವೆಯಲ್ಲೂ ಅದೇ ಕಿಣ್ವ ಇದೆ. ಟೊಮೆಟೊಗೆ ಲೆಕ್ಕ ಉಲ್ಟಾ: ಎಣ್ಣೆಯಲ್ಲಿ ಬೇಯಿಸಿದರೇನೇ ಅದರ ಕೆಂಪು ಬಣ್ಣದ ಅಂಶ ಲೈಕೋಪೀನ್ ಚೆನ್ನಾಗಿ ಸಿಗುವುದು.

ಇನ್ನು ಕರ್ಕ್ಯುಮಿನ್ ಕ್ಯಾಪ್ಸೂಲ್. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಶೇ. 3ರ ಆಸುಪಾಸು. ಅದೂ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಕರಿಮೆಣಸಿನ ಪೈಪೆರಿನ್ ಜೊತೆ ಕೊಟ್ಟರೆ ಮನುಷ್ಯರಲ್ಲಿ 20 ಪಟ್ಟು ಜಾಸ್ತಿ ಸಿಗುತ್ತದೆ ಅಂತ 1998ರ ಒಂದು ಅಧ್ಯಯನ ಹೇಳಿತು. ಕ್ಯಾಪ್ಸೂಲ್ ಕಂಪನಿಗಳಿಗೆ ಅಷ್ಟೇ ಸಾಕಾಯಿತು. ಆದರೆ ಪೈಪೆರಿನ್ ಈ ಕೆಲಸ ಮಾಡುವುದು ಲಿವರಿನ ಸಾಗಹಾಕುವ ದಾರಿಗೆ ಅಡ್ಡ ನಿಂತು. ನೀವು ನುಂಗುವ ಬೇರೆ ಮಾತ್ರೆಗಳೂ ಅದೇ ದಾರಿಯಲ್ಲೇ ಹೋಗಬೇಕು ಅಲ್ವಾ? ಇಂಥ ಕ್ಯಾಪ್ಸೂಲ್‌ಗಳಿಂದ ಲಿವರ್ ಕೆಟ್ಟ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ನಾನು ಖಂಡಿತ ಬೇಡ ಅನ್ನುತ್ತೇನೆ. ಅಡುಗೆಗೆ ಹಾಕುವ ಅರಿಶಿನದ ಬಗ್ಗೆ ಈ ಭಯ ಬೇಡ.

ಗಿಡದ್ದು ಅಂದ ಮಾತ್ರಕ್ಕೆ ನಿರಪಾಯ ಅಲ್ಲ. ಫಿನ್‌ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಧೂಮಪಾನಿ ಗಂಡಸರ ಮೇಲೆ ಒಂದು ಅಧ್ಯಯನ ನಡೆದಿತ್ತು. ಅದರ ಫಲಿತಾಂಶ 1994ರಲ್ಲಿ ಹೊರಬಂತು: ಕ್ಯಾರೆಟ್‌ಗೆ ಬಣ್ಣ ಕೊಡುವ ಬೀಟಾ ಕ್ಯಾರೊಟೀನಿನ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಕ್ಯಾರೆಟ್ ಯಾರಿಗೂ ಹಾಗೆ ಮಾಡಿಲ್ಲ.

ನನ್ನನ್ನು ಕೇಳಿದರೆ, ಈ ಎಲ್ಲ ಹೆಸರುವಾಸಿ ಅಂಶಗಳಿಗಿಂತ ನಾರಿನ ಮೇಲೆ ನನಗೆ ನಂಬಿಕೆ ಜಾಸ್ತಿ. ಕಾಳು, ಸಿಪ್ಪೆ ಸಮೇತ ಹಣ್ಣು, ತೌಡು ತೆಗೆಯದ ಧಾನ್ಯ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ನಾರನ್ನು ಹುಳಿಯಿಸಿ ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲ ಮಾಡುತ್ತವೆ. ಕರುಳಿನ ಒಳಪದರಕ್ಕೆ ಅದೇ ಊಟ. ಪದರ ಗಟ್ಟಿಯಾಗಿದ್ದರೆ ಬ್ಯಾಕ್ಟೀರಿಯಾದ ತುಣುಕುಗಳು ರಕ್ತಕ್ಕೆ ನುಸುಳಿ ಉರಿಯೂತ ಎಬ್ಬಿಸುವುದು ಕಡಿಮೆ. ಜೊತೆಗೆ ಹೊಟ್ಟೆ ಬೇಗ ತುಂಬಿ ತೂಕವೂ ಇಳಿದರೆ ಲಾಭ ಎರಡು, ಯಾಕೆಂದರೆ ಹೊಟ್ಟೆಯೊಳಗಿನ ಕೊಬ್ಬೇ ಐಎಲ್-6ನ ದೊಡ್ಡ ಕಾರ್ಖಾನೆ.

ನಾರನ್ನು ಒಂದೇ ಸಲ ಏರಿಸಬೇಡಿ. ಗ್ಯಾಸ್ ಆಗಿ, ಹೊಟ್ಟೆ ಉಬ್ಬರಿಸಿ, ನಾಲ್ಕನೇ ದಿನಕ್ಕೆ ಬಿಟ್ಟುಬಿಡುತ್ತೀರಿ. ಮೊದಲ ವಾರ ದಿನಕ್ಕೆ ಒಂದು ಹಿಡಿ ಬೇಯಿಸಿದ ಕಾಳು, ಹೊಟ್ಟೆ ಒಗ್ಗಿದ ಮೇಲೆ ಇನ್ನೊಂದು ಹಿಡಿ, ಮತ್ತು ನೀರು ಸ್ವಲ್ಪ ಜಾಸ್ತಿ.