ಅಪ್ಪನ ತೂರಾಟ, ಮರೆವು: ವಯಸ್ಸಿನದ್ದಾ, ಕುಡಿತದ್ದಾ?

ಪ್ರಶ್ನೆ: ಅಪ್ಪನಿಗೆ 71 ವರ್ಷ. ಸಂಜೆ ಎರಡು ಪೆಗ್ ಹಾಕುವುದು ಮೊದಲಿನಿಂದಲೂ ಇದೆ, ಅದಕ್ಕಿಂತ ಜಾಸ್ತಿ ಎಂದೂ ಇಲ್ಲ. ಆದರೆ ಈಚೆಗೆ ನಡೆಯುವಾಗ ವಾಲಾಡುತ್ತಾರೆ, ಹೇಳಿದ್ದನ್ನೇ ಹೇಳುತ್ತಾರೆ, ನಡುರಾತ್ರಿ ಎದ್ದು ಕೂರುತ್ತಾರೆ. ಇದು ವಯಸ್ಸಿನದ್ದಾ, ಕುಡಿತದ್ದಾ?

ಎರಡೂ ಇರಬಹುದು. ಆದರೂ ಮೊದಲು ಕುಡಿತದ ಕಡೆ ನೋಡಿ. ವಯಸ್ಸಿಗೆ ಮದ್ದಿಲ್ಲ, ಕುಡಿತಕ್ಕೆ ಇದೆ.

‘ಜಾಸ್ತಿ ಎಂದೂ ಇಲ್ಲ’ ಎನ್ನುವ ಮಾತೇ ಎಷ್ಟೋ ಮನೆಗಳಲ್ಲಿ ದಾರಿ ತಪ್ಪಿಸುತ್ತದೆ. ಗ್ಲಾಸು ಅದೇ ಇರಬಹುದು, ಮೈ ಅದೇ ಇಲ್ಲವಲ್ಲ. ಮದ್ಯ ಮೈಯೊಳಗಿನ ನೀರಿನಲ್ಲಿ ಬೆರೆತು ಹರಡುತ್ತದೆ. ವಯಸ್ಸಾದಂತೆ ಮಾಂಸಖಂಡ ಕರಗುತ್ತದೆ, ಅದರ ಜೊತೆ ನೀರಿನಂಶವೂ ಇಳಿಯುತ್ತದೆ. ನಲವತ್ತರಲ್ಲಿ ಕುಡಿದಷ್ಟನ್ನೇ ಎಪ್ಪತ್ತರಲ್ಲಿ ಕುಡಿದರೂ ರಕ್ತದಲ್ಲಿ ಮದ್ಯದ ಪ್ರಮಾಣ ಹೆಚ್ಚು ಏರುತ್ತದೆ. ಮಿದುಳಿಗೂ ಅದನ್ನು ತಡೆದುಕೊಳ್ಳುವ ಶಕ್ತಿ ಕಡಿಮೆಯಾಗಿರುತ್ತದೆ. ಹೀಗೆ ಒಂದು ತೊಟ್ಟೂ ಹೆಚ್ಚಿಸದೆಯೇ ಕುಡಿತ ಹೆಚ್ಚಾಗುತ್ತದೆ.

ಆ ‘ಎರಡು ಪೆಗ್’ ನಿಜಕ್ಕೂ ಎಷ್ಟು ಅಂತ ಒಮ್ಮೆ ಅಳೆದು ನೋಡಿ. ಅಪ್ಪನ ಕೈಗೇ ನೀರಿನ ಬಾಟಲಿ ಕೊಟ್ಟು, ದಿನಾ ಸುರಿದುಕೊಳ್ಳುವಷ್ಟು ಗ್ಲಾಸಿಗೆ ಸುರಿಯಲು ಹೇಳಿ. ಆಮೇಲೆ ಕೆಮ್ಮಿನ ಸಿರಪ್ ಜೊತೆ ಬರುವ ಅಳತೆ ಮುಚ್ಚಳದಲ್ಲಿ ಅಳೆಯಿರಿ. 30 ಎಂ.ಎಲ್. ಅಂದುಕೊಂಡದ್ದು 50, 60 ಇರುವುದು ಅಪರೂಪವಲ್ಲ. ವಿಸ್ಕಿ, ರಮ್‌ನಂಥ ಮದ್ಯದಲ್ಲಿ 30 ಎಂ.ಎಲ್. ಅಂದರೆ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್. ದಿನಕ್ಕೆ ಎರಡು ಸಣ್ಣ ಪೆಗ್ ಆದರೂ ವಾರಕ್ಕೆ 140 ಗ್ರಾಂ ಆಯಿತು. ಸುರಿಯುವುದು 60 ಎಂ.ಎಲ್. ಆಗಿದ್ದರೆ 280. ಅಮೆರಿಕದ ವೈದ್ಯರು 65 ದಾಟಿದವರಿಗೆ ಬಹಳ ಕಾಲದಿಂದ ಹೇಳುತ್ತಾ ಬಂದ ಮಿತಿ ವಾರಕ್ಕೆ ಏಳು ಡ್ರಿಂಕ್ (ಅಲ್ಲಿನ ಲೆಕ್ಕದಲ್ಲಿ ಒಂದು ಡ್ರಿಂಕ್ ಅಂದರೆ ಸುಮಾರು 14 ಗ್ರಾಂ ಆಲ್ಕೋಹಾಲ್), ಅಂದರೆ 100 ಗ್ರಾಂ ಒಳಗೆ. ಅದೂ ಆರೋಗ್ಯ ಚೆನ್ನಾಗಿದ್ದು, ಯಾವ ಮಾತ್ರೆಯನ್ನೂ ತೆಗೆದುಕೊಳ್ಳದವರಿಗೆ. ವಿಶ್ವ ಆರೋಗ್ಯ ಸಂಸ್ಥೆಯಂತೂ 2023ರಲ್ಲಿ, ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ ಎಂದು ಹೇಳಿತು.

ಎಪ್ಪತ್ತರಲ್ಲಿ ಮಾತ್ರೆ ಇಲ್ಲದವರು ಎಷ್ಟು ಜನ ಸಿಗುತ್ತಾರೆ? ನನಗೆ ಹೆಚ್ಚು ಭಯ ಹುಟ್ಟಿಸುವುದು ಇದೇ. ನಿದ್ದೆ ಮಾತ್ರೆ, ಆತಂಕಕ್ಕೆ ಕೊಡುವ ಆಲ್ಪ್ರಜೋಲಾಮ್, ಡಯಾಜಿಪಾಮ್ ಥರದವು ಮದ್ಯದ ಜೊತೆ ಸೇರಿದರೆ ಮಂಪರು ವಿಪರೀತವಾಗುತ್ತದೆ, ಉಸಿರಾಟವೇ ಕುಗ್ಗಬಹುದು. ಬಿಪಿ ಮಾತ್ರೆ ನುಂಗುವವರು ಕುಡಿದು ಥಟ್ಟನೆ ಎದ್ದರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆ ಇದ್ದು, ಊಟ ಬಿಟ್ಟು ಕುಡಿದರೆ ರಾತ್ರಿ ಶುಗರ್ ಲೋ ಆಗಬಹುದು. ತೊದಲು, ಬೆವರು, ಗೊಂದಲ ಕಂಡ ಮನೆಯವರು ‘ಕುಡಿದಿದ್ದಾರೆ, ಮಲಗಲಿ ಬಿಡು’ ಅಂತ ಸುಮ್ನಾಗುತ್ತಾರೆ. ಹಾಗೆ ಬಿಡಬೇಡಿ, ಶುಗರ್ ನೋಡಿ. ನೋವಿನ ಮಾತ್ರೆ, ಆಸ್ಪಿರಿನ್ ಜೊತೆ ಕುಡಿತ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು.

ನಡುರಾತ್ರಿ ಎಚ್ಚರವಾಗುವುದಕ್ಕೂ ಕುಡಿತಕ್ಕೂ ನಂಟಿದೆ. ಮದ್ಯ ಬೇಗ ನಿದ್ದೆ ಹತ್ತಿಸುತ್ತದೆ, ಅಮಲು ಇಳಿಯುತ್ತಿದ್ದಂತೆ ಅದೇ ನಿದ್ದೆಯನ್ನು ಒಡೆಯುತ್ತದೆ.

ಮರೆವಿನ ವಿಷಯಕ್ಕೆ ವೈದ್ಯರನ್ನು ಕಾಣಲೇಬೇಕು. ಬಹಳ ಕಾಲ ಕುಡಿದವರಲ್ಲಿ ಬಿ1 ವಿಟಮಿನ್ ಕೊರತೆಯಾದರೆ ಮಿದುಳಿಗೆ ಪೆಟ್ಟು ಬೀಳುತ್ತದೆ, ಬೇಗ ಗುರುತಿಸಿದರೆ ಅದಕ್ಕೆ ಚಿಕಿತ್ಸೆ ಇದೆ. ಕುಡಿತ ನಿಂತ ಕೆಲವು ತಿಂಗಳಲ್ಲಿ ಎಷ್ಟೋ ಜನರ ನೆನಪು ಸುಧಾರಿಸುತ್ತದೆ. ಇನ್ನೊಂದು ವಿಷಯ ಜ್ಞಾಪಿಸಿಕೊಳ್ಳಿ: ಈಚಿನ ವಾರಗಳಲ್ಲಿ ಅಪ್ಪ ಬಿದ್ದು ತಲೆಗೆ ಏಟು ಮಾಡಿಕೊಂಡಿದ್ದರೇ? ಸಣ್ಣ ಏಟೇ ಇರಲಿ, ವಯಸ್ಸಾದವರಲ್ಲಿ, ಅದರಲ್ಲೂ ಕುಡಿಯುವವರಲ್ಲಿ, ತಲೆಯೊಳಗೆ ರಕ್ತ ನಿಧಾನವಾಗಿ ಜಿನುಗಿ ವಾರಗಳ ಮೇಲೆ ತೂರಾಟ, ಗೊಂದಲವಾಗಿ ಕಾಣಿಸಿಕೊಳ್ಳಬಹುದು. ಹಾಗಿದ್ದರೆ ಇವತ್ತೇ ಕರೆದುಕೊಂಡು ಹೋಗಿ.

ಇಷ್ಟು ಓದಿ ಸಿಟ್ಟಿನಲ್ಲಿ ಬಾಟಲಿ ಎತ್ತಿ ಚೆಲ್ಲಬೇಡಿ. ದಿನಾ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಮೊದಲ ದಿನದಲ್ಲೇ ಕೈನಡುಕ, ಬೆವರು ಶುರುವಾಗಬಹುದು, ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡು-ನಾಲ್ಕು ದಿನಕ್ಕೆ ಇಲ್ಲದ್ದು ಕಾಣುವ, ಬಡಬಡಿಸುವ ಸ್ಥಿತಿಗೂ ಹೋಗಬಹುದು. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ವಯಸ್ಸಾದ ಜೀವಕ್ಕೆ ಇದು ಪ್ರಾಣಾಪಾಯ. ವೈದ್ಯರು ಹೇಳಿದ ಹಾಗೆ ಇಳಿಸಿಕೊಂಡು ಬರುವುದೇ ಸರಿ.

ಮಾತು ತೆಗೆಯುವುದು ಬೆಳಿಗ್ಗೆ, ಅಮಲಿಲ್ಲದಾಗ. ‘ಕುಡುಕ’ ಎಂಬ ಪದ ಬಾಯಿಗೆ ಬರಕೂಡದು. ‘ಅಪ್ಪಾ, ಮೊನ್ನೆ ಬಾತ್‌ರೂಮ್ ಹತ್ತಿರ ವಾಲಿದ್ರಿ, ನನಗೆ ಹೆದರಿಕೆ ಆಯ್ತು. ಒಂದ್ಸಲ ಡಾಕ್ಟರ್‌ಗೆ ತೋರಿಸೋಣ’ ಅಂದರೆ ಸಾಕು. ನಿವೃತ್ತಿಯ ಮೇಲೆ, ಜೊತೆಗಾರರು ತೀರಿಕೊಂಡ ಮೇಲೆ, ಮಂಡಿನೋವು ತಾಳಲಾರದೆ ಕುಡಿತಕ್ಕೆ ಬಿದ್ದವರೂ ಬಹಳ. ಅವರಿಗೆ ಬುದ್ಧಿಮಾತಿಗಿಂತ ಸಂಜೆ ಹೊತ್ತಿಗೆ ಪಕ್ಕದಲ್ಲಿ ಒಬ್ಬರು ಇರುವುದು ಬೇಕು. ‘ಈ ವಯಸ್ಸಿನಲ್ಲಿ ಇನ್ನೇನು ಬಿಡೋದು’ ಅಂತ ಕೈಚೆಲ್ಲಬೇಡಿ. ಚಿಕಿತ್ಸೆಗೆ ಬಂದ ಹಿರಿಯರು ಕಿರಿಯರಷ್ಟೇ ಚೆನ್ನಾಗಿ, ಕೆಲವೊಮ್ಮೆ ಇನ್ನೂ ಚೆನ್ನಾಗಿ ಹೊರಬರುತ್ತಾರೆ.

ಡಾಕ್ಟರ್ ಹತ್ತಿರ ಹೋಗುವಾಗ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಅಳೆದ ಲೆಕ್ಕವನ್ನೂ ಹೇಳಿ. ನಾಳೆ ಮೂಳೆ ಮುರಿದೋ, ಕಣ್ಣಿನ ಪೊರೆಗೋ ಆಸ್ಪತ್ರೆಗೆ ಸೇರಿಸುವಾಗಲೂ ನಾಚಿಕೆಪಟ್ಟು ಕುಡಿತದ ವಿಷಯ ಮುಚ್ಚಿಡಬೇಡಿ. ಅಲ್ಲಿ ಕುಡಿತ ಥಟ್ಟನೆ ನಿಂತು, ಸೇರಿದ ಎರಡನೆಯ, ಮೂರನೆಯ ದಿನ ಅಪ್ಪ ಬಡಬಡಿಸತೊಡಗಿದರೆ ಅದು ಯಾಕೆ ಅಂತ ಅಲ್ಲಿನವರಿಗೆ ಮೊದಲೇ ಗೊತ್ತಿರಬೇಕು.