ರಾತ್ರಿ ಹಾಯಿಪಯಣದಲ್ಲಿ ದಡದ ಪಕ್ಕವೇ ಕ್ಷೇಮವೇ?

ಪ್ರಶ್ನೆ: ಉಷ್ಣವಲಯದ ದ್ವೀಪವೊಂದರ ಅಂಚಿನಲ್ಲಿ ರಾತ್ರಿಯಿಡೀ ಸಾಗಿ ಹೊಸ ಲಂಗರುದಾಣ ಸೇರುವಾಗ, ದಡ ಕಾಣುವಷ್ಟು ಹತ್ತಿರದಲ್ಲೇ ಹೋಗುವುದು ಒಳ್ಳೆಯದಲ್ಲವೇ?

ಅಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದರೂ ದಡವೆಂದರೆ ಆಸರೆ ಎಂಬ ನಂಬಿಕೆ ಅಳಿಯದಿರುವುದರಿಂದ ಮತ್ತೊಮ್ಮೆ ಬಿಡಿಸಿ ಹೇಳುತ್ತೇನೆ. ದಡದಿಂದ ಅರ್ಧ ನಾಟಿಕಲ್ ಮೈಲು, ಅಂದರೆ ಸುಮಾರು 900 ಮೀಟರ್ ದೂರದಲ್ಲಿರುವಾಗ ಗಾಳಿ ಬಿದ್ದುಹೋಗಿ, ಎಂಜಿನ್ನೂ ಕೈಕೊಟ್ಟಿತೆಂದುಕೊಳ್ಳಿ. ಗಂಟೆಗೆ ಒಂದು ನಾಟಿಕಲ್ ಮೈಲು ವೇಗದ ಸೆಳೆತ ದೋಣಿಯನ್ನು ದಡದತ್ತ ಒಯ್ಯುತ್ತಿದ್ದರೆ ನಿಮ್ಮ ಕೈಯಲ್ಲಿರುವುದು 30 ನಿಮಿಷ. ಐದು ಮೈಲು ಆಚೆಗಿದ್ದಿದ್ದರೆ ಐದು ಗಂಟೆ ಇರುತ್ತಿತ್ತು. ಲಂಗರು ಇಳಿಸಿ ನಿಲ್ಲೋಣವೆಂದರೆ, ಹವಳದ ದಿಬ್ಬದ ಹೊರಮೈ ಅನೇಕ ಕಡೆ ಗೋಡೆಯಂತೆ ನೂರಾರು ಮೀಟರ್ ಆಳಕ್ಕೆ ಇಳಿದಿರುತ್ತದೆ. ಅಲ್ಲಿ ಲಂಗರಿಗೆ ತಳ ಸಿಗದು. ಆಳಮಾಪಕ ಎಚ್ಚರಿಸುವ ಹೊತ್ತಿಗೆ ದಿಬ್ಬವು ದೋಣಿಯ ಮುಂದೆಯೇ ಇರುತ್ತದೆ. ದೀಪವಿಲ್ಲದ ಸಣ್ಣ ಮೀನುಗಾರಿಕೆ ದೋಣಿಗಳೂ ಬಲೆಗಳೂ ಎದುರಾಗುವುದು ಹೆಚ್ಚಾಗಿ ಇದೇ ಅಂಚಿನಲ್ಲಿ.

ಪರದೆಯ ಮೇಲೆ ನಕ್ಷೆ ಇದೆಯಲ್ಲ ಎನ್ನುವವರು 2014ರ ನವೆಂಬರ್ 29ರ ರಾತ್ರಿಯನ್ನು ನೆನೆಯಬೇಕು. ಹಾಯಿದೋಣಿಗಳಲ್ಲಿ ಭೂಮಿಯನ್ನು ಸುತ್ತುವ ಸ್ಪರ್ಧೆಯಾದ ವೋಲ್ವೊ ಓಷನ್ ರೇಸ್‌ನಲ್ಲಿದ್ದ ‘ಟೀಮ್ ವೆಸ್ಟಾಸ್ ವಿಂಡ್’ ದೋಣಿ ಅಂದು ಹಿಂದೂ ಮಹಾಸಾಗರದ ಕಾರ್ಗಡೋಸ್ ಕರಾಜೋಸ್ ಹವಳದಿಬ್ಬಕ್ಕೆ ಅಪ್ಪಳಿಸಿತು. ನುರಿತ ನಾವಿಕರೇ ಅದರಲ್ಲಿದ್ದರು. ವಿದ್ಯುನ್ಮಾನ ನಕ್ಷೆಯನ್ನು ಸಾಕಷ್ಟು ಹಿಗ್ಗಿಸಿ ನೋಡದಿದ್ದುದರಿಂದ ದಿಬ್ಬ ಅವರ ಗಮನಕ್ಕೆ ಬಂದಿರಲಿಲ್ಲ. ಒಂಬತ್ತು ಮಂದಿಯೂ ಬದುಕಿ ಬಂದದ್ದು ನಮ್ಮೆಲ್ಲರ ಪುಣ್ಯ.

ಹತ್ತಿರ ಹೋಗುವುದಕ್ಕೆ ನ್ಯಾಯವಾದ ಕಾರಣ ಒಂದೇ: ನೆಲಗಾಳಿ. ಕತ್ತಲಾದ ಮೇಲೆ ನೆಲವು ಕಡಲಿಗಿಂತ ಬೇಗ ತಣಿಯುವುದರಿಂದ ದ್ವೀಪದ ಕಡೆಯಿಂದ ಮೆಲ್ಲನೆ ಗಾಳಿ ಹೊರಟು ಕೆಲವು ಮೈಲುಗಳವರೆಗೆ ಬೀಸುತ್ತದೆ. ಅದನ್ನು ಬಳಸಿಕೊಳ್ಳಿ, ಆದರೆ ಅದರ ಹೊರ ಅಂಚಿನಲ್ಲಿದ್ದು ಬಳಸಿಕೊಳ್ಳಿ.

ಯಾರೂ ಕೇಳದ, ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ತಲುಪುವುದು ಯಾವಾಗ? ಗಂಟೆಗೆ ಐದು ಮೈಲಿನಂತೆ 60 ಮೈಲಿಗೆ 12 ಗಂಟೆ ಬೇಕು. ಬೆಳಕಿರುವಾಗಲೇ ಹಳೆಯ ತಾಣದಿಂದ ಹೊರಬೀಳಬೇಕೆಂದು ಸಂಜೆ ಐದಕ್ಕೆ ಹೊರಟರೆ, ಹೊಸ ತಾಣದ ಬಾಯಿಗೆ ಬರುವುದು ನಸುಕಿನ ಕತ್ತಲಲ್ಲಿ. ಆಗ ಒಳನುಗ್ಗಬಾರದು. ಮುಂದಿನ ಹಾಯಿಯನ್ನು ಗಾಳಿ ಬರುವ ಕಡೆಗೆ ಎಳೆದು ಕಟ್ಟಿ, ಚುಕ್ಕಾಣಿಯನ್ನು ಗಾಳಿಯತ್ತ ತಿರುಗಿಸಿ ಬಿಗಿದರೆ ದೋಣಿ ಬಹುಮಟ್ಟಿಗೆ ನಿಂತಲ್ಲೇ ತೂಗುತ್ತದೆ. ಹೊರಗಡಲಲ್ಲಿ ಹಾಗೆಯೇ ಕಾಯಿರಿ. ಹತ್ತು ಗಂಟೆಯ ಸುಮಾರಿಗೆ ಸೂರ್ಯ ಮೇಲೇರಿ ನಿಮ್ಮ ಬೆನ್ನ ಹಿಂದಿದ್ದರೆ ನೀರು ತಾನೇ ದಾರಿ ತೋರುತ್ತದೆ: ಕಡುನೀಲಿಯಾದರೆ ಆಳ, ತಿಳಿಹಸಿರಾದರೆ ಮರಳಿನ ಮೇಲಿನ ತೆಳುನೀರು, ಕಂದಾದರೆ ಮೇಲ್ಮೈಗೆ ಹತ್ತಿರದ ಹವಳ. ನೀರಿನ ಮೇಲಿನ ಹೊಳಪನ್ನು ತಗ್ಗಿಸುವ ಧ್ರುವೀಕೃತ (ಪೋಲರೈಸ್ಡ್) ಕನ್ನಡಕ ಧರಿಸಿದ ಒಬ್ಬರನ್ನು ಮೂತಿಯಲ್ಲಿ ನಿಲ್ಲಿಸಿ, ಆಮೇಲೆ ಒಳಗೆ ಹೋಗಿ.