ವಾಂಪಿಸ್ ಜನ ಪೆರುವಿನಿಂದ ಬೇರೆಯಾಗಿಬಿಟ್ಟರಾ?

ಪ್ರಶ್ನೆ: ಅಮೆಜಾನ್ ಕಾಡಿನ ವಾಂಪಿಸ್ ಜನ ತಮ್ಮದೇ ಸರ್ಕಾರ ಮಾಡಿಕೊಂಡಿದ್ದಾರಂತೆ. ಹಾಗಾದರೆ ಅದು ಬೇರೆ ದೇಶವಾ?

ಅಲ್ಲ. ಅವರು ಪೆರುವಿನ ಪ್ರಜೆಗಳೇ, ಇವತ್ತಿಗೂ. 2015ರ ನವೆಂಬರ್ 29ರಂದು ಸೊಲೆಡಾಡ್ ಎಂಬ ಹಳ್ಳಿಯಲ್ಲಿ ಸೇರಿ ಸ್ವಯಂ ಆಡಳಿತ ಘೋಷಿಸಿಕೊಂಡಾಗ ಅವರೇ ಇದನ್ನು ಸ್ಪಷ್ಟವಾಗಿ ಹೇಳಿದ್ದರು. ಅವರಿಗೆ ಸ್ವಂತ ಸಂವಿಧಾನವಿದೆ, ಸಂಸತ್ತಿದೆ, 'ಪಮುಕ್' ಎನ್ನುವ ಮುಖ್ಯಸ್ಥರಿದ್ದಾರೆ. ಮೊದಲ ಪಮುಕ್ ವ್ರೈಸ್ ಪೆರೆಜ್.

ಮತ್ತೆ ಇದೆಲ್ಲ ಯಾಕೆ ಬೇಕಿತ್ತು? ಜಮೀನಿನ ಪಟ್ಟಾ ನೋಡಿದರೆ ಗೊತ್ತಾಗುತ್ತೆ. ಪೆರುವಿನ ಕಾನೂನು ಹಕ್ಕುಪತ್ರ ಕೊಡುವುದು ಒಂದೊಂದು ಹಳ್ಳಿಗೆ, ಇಡೀ ಜನಾಂಗಕ್ಕಲ್ಲ. ಆದರೆ ವಾಂಪಿಸರ ಬದುಕು ಊರಿನ ಗಡಿಗೆ ನಿಲ್ಲುವುದಿಲ್ಲ. ಸ್ಯಾಂಟಿಯಾಗೊ, ಮೊರೋನಾ ನದಿಗಳಲ್ಲಿ ಮೀನು ಹಿಡಿಯುತ್ತಾರೆ, ನಡುವಿನ ಕಂಪಾಂಕಿಸ್ ಬೆಟ್ಟಸಾಲಿನಲ್ಲಿ ಬೇಟೆಯಾಡುತ್ತಾರೆ. ಹಳ್ಳಿ ಹಳ್ಳಿಗಳ ನಡುವೆ ಉಳಿದ ಈ ಕಾಡು ಯಾರ ಪಟ್ಟಾದಲ್ಲೂ ಇಲ್ಲ, ಪೆರು ಸರ್ಕಾರಕ್ಕೆ ಸೇರಿದ್ದು, ಜೊತೆಗೆ ನೆಲದಡಿಯ ತೈಲವೂ ಸರ್ಕಾರದ್ದೇ. ಅದಕ್ಕೇ ಅವರು ಸುಮಾರು 13 ಲಕ್ಷ ಹೆಕ್ಟೇರನ್ನು ಒಟ್ಟಾಗಿ ನಮ್ಮ ನೆಲ ಎಂದರು. ಜನ 15,000ದ ಆಸುಪಾಸು ಅಷ್ಟೇ!

ಇದರ ಹಿಂದೆ ದೊಡ್ಡ ನೋವೂ ಇದೆ. ಕಾಡಿನ ಜಮೀನನ್ನು ಕಂಪನಿಗಳಿಗೆ ಸುಲಭವಾಗಿ ತೆರೆಯುವಂಥ ಕಾನೂನುಗಳ ವಿರುದ್ಧ ವಾಂಪಿಸರು ಮತ್ತು ನೆರೆಯ ಅವಾಹುನ್ ಬುಡಕಟ್ಟಿನ ಜನ ರಸ್ತೆ ತಡೆದಿದ್ದರು. 2009ರ ಜೂನ್ 5ರಂದು ಉತ್ತರ ಪೆರುವಿನ ಬಾಗುವಾ ಪಟ್ಟಣದ ಹತ್ತಿರ ಅವರನ್ನು ಚದುರಿಸಲು ಪೊಲೀಸರು ಬಂದರು. ಅಂದಿನ ಘರ್ಷಣೆಯಲ್ಲಿ 33 ಜನ ಸತ್ತರು. ಅದರಲ್ಲಿ 23 ಜನ ಪೊಲೀಸರೇ. ಮೂಲನಿವಾಸಿಗಳನ್ನು ಕೇಳಿಯೇ ನಿರ್ಧರಿಸುತ್ತೇವೆ ಎಂದು 1994ರಲ್ಲೇ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಒಪ್ಪಿದ್ದ ಸರ್ಕಾರ ಕೇಳಲೇ ಇಲ್ಲ, ಅಲ್ವಾ?

ವಾಂಪಿಸರ ಸ್ವಂತ ಸರ್ಕಾರದಿಂದ ಏನಾದರೂ ಆಯಿತಾ ಅಂದರೆ, ಆಯಿತು. ಮೊರೋನಾ ಕಡೆ ಹಬ್ಬಿದ್ದ 64ನೇ ತೈಲ ಬ್ಲಾಕಿಗೆ (ತೈಲ ತೆಗೆಯಲು ಕಂಪನಿಗೆ ಗುರುತಿಸಿಕೊಟ್ಟ ಪ್ರದೇಶ) ವಾಂಪಿಸರು, ಪಕ್ಕದ ಅಚುವಾರರು ಒಟ್ಟಾಗಿ ಅಡ್ಡ ನಿಂತರು. 2020ರಲ್ಲಿ ಜಿಯೋಪಾರ್ಕ್ ಕಂಪನಿ ಅಲ್ಲಿಂದ ಹಿಂದೆ ಸರಿಯಿತು. ನನ್ನ ಪ್ರಕಾರ ಇದು ಸಣ್ಣ ಗೆಲುವಲ್ಲ.

ಆದರೂ ಇಡೀ ಪ್ರದೇಶಕ್ಕೆ ಒಂದೇ ಹಕ್ಕುಪತ್ರ ಇನ್ನೂ ರಾಜಧಾನಿ ಲಿಮಾದಿಂದ ಬಂದಿಲ್ಲ. ಈಗ ಜಾಸ್ತಿ ಕಾಡುತ್ತಿರುವುದು ಅಕ್ರಮ ಚಿನ್ನದ ಗಣಿಗಾರಿಕೆ. ಸ್ಯಾಂಟಿಯಾಗೊ ನದಿಗೆ ಯಂತ್ರ ಇಳಿಸಿ ಮರಳು ಸೋಸುತ್ತಾರೆ, ಪಾದರಸ ಹಾಕಿ ಚಿನ್ನ ಬೇರ್ಪಡಿಸುತ್ತಾರೆ. ಆ ನೀರಿನ ಮೀನನ್ನೇ ಅಲ್ಲಿನ ಮಕ್ಕಳು ತಿನ್ನುವುದು. ಪೊಲೀಸರಿಗಾಗಿ ಕಾಯುವುದು ಬಿಟ್ಟು ವಾಂಪಿಸ್ ಯುವಕರು, ಯುವತಿಯರು ತಾವೇ ದೋಣಿಯಲ್ಲಿ ಕಾವಲು ಹೊರಡುತ್ತಿದ್ದಾರೆ.